ಬೆಸುಗೆಯೇ ಇಲ್ಲ ಎಂದ ಕಡತ: ಸ್ಯಾನ್ ಬ್ರುನೊ ಅನಿಲ ಕೊಳವೆಯ ಪ್ರಕರಣ

ಕಂಪನಿಯ ಕಂಪ್ಯೂಟರ್ ನಕ್ಷೆಯಲ್ಲಿ ಆ ಕೊಳವೆಯ ಬಗ್ಗೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮಾರ್ಗ 132, ತುಂಡು 180, ವ್ಯಾಸ 30 ಇಂಚು, ನೆಲದಲ್ಲಿ ಹೂಳಿದ ವರ್ಷ 1956, ಬಗೆ ಸೀಮ್‌ಲೆಸ್. ಅಂದರೆ ಉದ್ದಕ್ಕೂ ಬೆಸುಗೆಯ ಗೆರೆಯೇ ಇಲ್ಲದ ಕೊಳವೆ. 2010ರ ಸೆಪ್ಟೆಂಬರ್ 9ರ ಸಂಜೆ 6 ಗಂಟೆ 11 ನಿಮಿಷಕ್ಕೆ ಅದು ಒಡೆಯಿತು. ಒಡೆದದ್ದು ಉದ್ದದ ಬೆಸುಗೆಯಲ್ಲಿ.

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ನಗರದ ದಕ್ಷಿಣಕ್ಕಿರುವ ಸ್ಯಾನ್ ಬ್ರುನೊ ಊರಿನ ಕ್ರೆಸ್ಟ್‌ಮೂರ್ ಬಡಾವಣೆಯಲ್ಲಿ, ಎರಡು ರಸ್ತೆಗಳು ಕೂಡುವಲ್ಲಿ ನೆಲ ಬಾಯ್ಬಿಟ್ಟು 72 ಅಡಿ ಉದ್ದ, 26 ಅಡಿ ಅಗಲದ ಹೊಂಡವಾಯಿತು. 28 ಅಡಿ ಉದ್ದದ ಕೊಳವೆಯ ಭಾಗವೊಂದು ಕಿತ್ತು ಸುಮಾರು ನೂರು ಅಡಿ ಆಚೆ ಹೋಗಿ ಬಿತ್ತು. ಅನಿಲದ ಹರಿವನ್ನು ನಿಲ್ಲಿಸುವುದಕ್ಕೆ 95 ನಿಮಿಷ ಹಿಡಿಯಿತು. ಎಂಟು ಜನ ಸತ್ತರು. 38 ಮನೆಗಳು ಉರಿದು ನೆಲಸಮವಾದವು, ಇನ್ನೂ 70 ಮನೆಗಳಿಗೆ ಹಾನಿಯಾಯಿತು. ಕೊಳವೆಯ ಒಡೆತನ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯದು. ಜನ ಅದನ್ನು ಪಿಜಿ ಅಂಡ್ ಇ ಎಂದೇ ಕರೆಯುತ್ತಾರೆ.

ಕಡತ ನಿರ್ವಹಣೆಯ ತಂತ್ರಾಂಶದ ಬಗ್ಗೆ ಬರೆಯಲು ಹೊರಟು ಬೆಂಕಿ ದುರಂತದ ಕಥೆ ಹೇಳುತ್ತಿರುವುದಕ್ಕೆ ಕಾರಣವಿದೆ. ನಿಯಮ ಪಾಲನೆಗೆಂದು ತಂತ್ರಾಂಶ ಕೊಳ್ಳುವ ಬಹಳಷ್ಟು ಸಂಸ್ಥೆಗಳಲ್ಲಿ ಒಂದು ನಂಬಿಕೆ ಬೇರೂರಿದೆ: ಕಾಗದವೆಲ್ಲ ಸ್ಕ್ಯಾನ್ ಆಗಿ, ಹೆಸರು ಹೊಡೆದರೆ ಪರದೆಯ ಮೇಲೆ ಬಂದರೆ, ಇನ್‌ಸ್ಪೆಕ್ಟರ್ ಬಂದ ದಿನ ತೊಂದರೆಯಿಲ್ಲ ಎಂದು. ಪಿಜಿ ಅಂಡ್ ಇ ಬಳಿ ತಂತ್ರಾಂಶ ಇತ್ತು. ಕೊಳವೆ ಜಾಲದ ಮಾಹಿತಿಯೆಲ್ಲ ಜಿಐಎಸ್ ಎಂಬ, ಜಾಗಕ್ಕೆ ಜಾಗದ ವಿವರ ಜೋಡಿಸಿಟ್ಟ ಕಂಪ್ಯೂಟರ್ ನಕ್ಷೆಯಲ್ಲಿ ಇತ್ತು, ಹುಡುಕಿದರೆ ಕ್ಷಣದಲ್ಲಿ ಸಿಗುತ್ತಿತ್ತು. ಸಿಗುತ್ತಿದ್ದ ಮಾಹಿತಿ ಸುಳ್ಳಾಗಿತ್ತು. ಅದು ಸುಳ್ಳು ಎಂದು ತಿಳಿಯುವ ದಾರಿಯನ್ನು ಆ ವ್ಯವಸ್ಥೆ ಒಳಗೊಂಡಿರಲಿಲ್ಲ. ಈ ಪ್ರಕರಣದಲ್ಲಿ ಕಲಿಯಬೇಕಾದದ್ದೆಲ್ಲ ಇರುವುದು ಆ ಇಲ್ಲದ ದಾರಿಯಲ್ಲೇ ಎಂಬುದು ನನ್ನ ತಿಳಿವಳಿಕೆ.

ವೋಚರಿನಿಂದ ನಕ್ಷೆಗೆ

1956ರಲ್ಲಿ ಕ್ರೆಸ್ಟ್‌ಮೂರ್‌ನಲ್ಲಿ ಮನೆ ಕಟ್ಟಲು ನೆಲ ಸಮ ಮಾಡುವಾಗ ಅಲ್ಲಿದ್ದ ಅನಿಲ ಕೊಳವೆಯನ್ನು ಪಕ್ಕಕ್ಕೆ ಸರಿಸಬೇಕಾಯಿತು. ಹೊಸದಾಗಿ ಹಾಕಿದ ಆ ಭಾಗವೇ ತುಂಡು 180. ಅದರೊಳಗೆ ಒಂದಕ್ಕೊಂದು ಸೇರಿಸಿದ ಆರು ಮೊಟಕು ಕೊಳವೆಗಳಿದ್ದವು. ಅವುಗಳಲ್ಲಿ ಕೆಲವಕ್ಕೆ ಉದ್ದದ ಬೆಸುಗೆಯನ್ನು ಹೊರಗಿನಿಂದ ಮಾತ್ರ ಹಾಕಿ, ಒಳಮೈಯನ್ನು ಹಾಗೆಯೇ ಬಿಡಲಾಗಿತ್ತು. ಮೇಲಿನಿಂದ ನೋಡುವ ಕಣ್ಣಿಗೆ ಅದು ಗಟ್ಟಿ ಬೆಸುಗೆ. ಒಳಗೆ ಲೋಹ ಲೋಹಕ್ಕೆ ಪೂರ್ತಿ ಕೂಡಿರಲಿಲ್ಲ.

ಇಂಥ ಕೊಳವೆ ಕಡತದಲ್ಲಿ ಸೀಮ್‌ಲೆಸ್ ಆದದ್ದು ಹೇಗೆ? ಕೊಳವೆ ಅಪಘಾತಗಳನ್ನೂ ತನಿಖೆ ಮಾಡುವ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2011ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ತನಿಖಾ ವರದಿ ಈ ಜಾಡನ್ನು ಹಿಂದಕ್ಕೆ ಹಿಡಿದು ನಡೆಯುತ್ತದೆ. ಜಿಐಎಸ್‌ಗೆ ಮಾಹಿತಿ ಬಂದದ್ದು ಕೊಳವೆ ಮಾರ್ಗದ ಸರ್ವೆ ಹಾಳೆಯಿಂದ. ಆ ಹಾಳೆ ತಯಾರಾದದ್ದು 1977ರಲ್ಲಿ. ಹಾಳೆಗೆ ಆಧಾರವಾದದ್ದು ನಿರ್ಮಾಣದ ನಕ್ಷೆಯಲ್ಲ, ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರವಲ್ಲ, ಬೆಸುಗೆ ತಪಾಸಣೆಯ ವರದಿಯೂ ಅಲ್ಲ. ಲೆಕ್ಕಪತ್ರ ವಿಭಾಗದ ಒಂದು ಜರ್ನಲ್ ವೋಚರ್. ಸಾಮಗ್ರಿಯ ಖರ್ಚನ್ನು ಯಾವ ಖಾತೆಗೆ ಹಾಕಬೇಕು ಎಂದು ಹೇಳಲು ಹುಟ್ಟಿದ ಚೀಟಿ, ಎರಡು ದಶಕಗಳ ನಂತರ ಕೊಳವೆಯ ಗುಣಕ್ಕೆ ಸಾಕ್ಷಿಯಾಯಿತು. ಅಲ್ಲಿಂದ ಕಂಪ್ಯೂಟರಿಗೆ ಹೋದ ಮೇಲೆ ಅದರ ಹುಟ್ಟಿನ ಗುರುತೇ ಅಳಿಸಿಹೋಯಿತು. ಪರದೆಯ ಮೇಲೆ ವೋಚರಿನಿಂದ ಬಂದ ಮಾತೂ ಕಾರ್ಖಾನೆಯ ಪ್ರಮಾಣಪತ್ರದಿಂದ ಬಂದ ಮಾತೂ ಒಂದೇ ಅಕ್ಷರದಲ್ಲಿ, ಒಂದೇ ತೂಕದಲ್ಲಿ ಕಾಣುತ್ತಿದ್ದವು.

ಪಹಣಿಯ ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೈಬರಹದ ಪಹಣಿಯಿಂದ ಕಂಪ್ಯೂಟರ್ ಪಹಣಿಗೆ ಇಳಿಸುವಾಗ ಒಂದು ಹೆಸರೋ ಗುಂಟೆಯೋ ತಪ್ಪಿದರೆ, ಆಮೇಲೆ ಯಂತ್ರ ಕೊಡುವ ಪ್ರತಿಯೊಂದು ನಕಲೂ ಆ ತಪ್ಪನ್ನೇ ಸ್ಪಷ್ಟವಾಗಿ ಮುದ್ರಿಸುತ್ತದೆ. ಬಿಡಿಸಿಕೊಳ್ಳಲು ಇರುವ ದಾರಿ ಒಂದೇ: ಹಳೆಯ ಪುಸ್ತಕ, ಮ್ಯುಟೇಷನ್ ದಾಖಲೆ, ಕ್ರಯಪತ್ರ ಹಿಡಿದು ಮೂಲಕ್ಕೆ ಹೋಗುವುದು. ಮೂಲಕ್ಕೆ ಹೋಗುವ ಆ ದಾರಿ ತಂತ್ರಾಂಶದ ಒಳಗೇ ಇದ್ದರೆ ಅದು ಕಡತ ನಿರ್ವಹಣೆ. ಇಲ್ಲದಿದ್ದರೆ ಅದು ಅಚ್ಚುಕಟ್ಟಾದ ಪಟ್ಟಿ ಮಾತ್ರ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. 1956ರ ಸುಮಾರಿಗೆ 30 ಇಂಚು ವ್ಯಾಸದ ಸೀಮ್‌ಲೆಸ್ ಕೊಳವೆ ಅಮೆರಿಕದ ಮಾರುಕಟ್ಟೆಯಲ್ಲಿ ಸಿಗುತ್ತಲೇ ಇರಲಿಲ್ಲ. ಅಷ್ಟು ವ್ಯಾಸದ ಕೊಳವೆಯನ್ನು ಬೆಸುಗೆಯಿಲ್ಲದೆ ಆಗ ಅಲ್ಲಿ ತಯಾರಿಸುತ್ತಿರಲಿಲ್ಲ. ವ್ಯಾಸ, ವರ್ಷ, ಬಗೆ ಈ ಮೂರು ಕಾಲಂಗಳನ್ನು ಒಟ್ಟಿಗೆ ಓದಿದ ಅನುಭವಿ ಎಂಜಿನಿಯರ್ ಯಾರೇ ಆದರೂ ಹುಬ್ಬೇರಿಸಬೇಕಿತ್ತು. ತಂತ್ರಾಂಶಕ್ಕೂ ಇದನ್ನು ಕಲಿಸಬಹುದಿತ್ತು: ಈ ವರ್ಷಕ್ಕೆ ಈ ವ್ಯಾಸದಲ್ಲಿ ಈ ಬಗೆ ಬಂದರೆ ದಾಖಲೆಯನ್ನು ತಡೆಹಿಡಿ, ಮೂಲ ಕಾಗದ ಕೇಳು. ಒಂದೇ ಒಂದು ಸಾಲಿನ ತಪಾಸಣೆ. ಆದರೆ ಆ ಕಾಲಂಗಳು ತುಂಬಿರಬೇಕು ಎಂದು ನೋಡಿಕೊಂಡವರಿದ್ದರೇ ಹೊರತು ಅವು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಕೇಳಿದವರಿರಲಿಲ್ಲ.

ತಪ್ಪು ಮಾಹಿತಿ ಕಡತದಲ್ಲಿ ಸುಮ್ಮನೆ ಮಲಗಿರುವುದಿಲ್ಲ, ಅದು ತೀರ್ಮಾನಗಳನ್ನು ಮಾಡುತ್ತದೆ. ಬೆಸುಗೆಯೇ ಇಲ್ಲವೆಂದ ಮೇಲೆ ಬೆಸುಗೆಯ ದೋಷ ಎಂಬ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಶ್ನೆ ಬರಲಿಲ್ಲ. ಹಾಗಾಗಿ ಮಾರ್ಗದ ಸುಸ್ಥಿತಿ ಪರೀಕ್ಷೆಗೆ ಆರಿಸಿಕೊಂಡದ್ದು ಹೊರಮೈಯ ತುಕ್ಕನ್ನು ಹುಡುಕುವ ವಿಧಾನ. ಒಳಗಿನ ಅರೆಬರೆ ಬೆಸುಗೆ ಆ ವಿಧಾನಕ್ಕೆ ಕಾಣುವಂಥದ್ದಲ್ಲ. ನೀರು ತುಂಬಿ ಒತ್ತಡ ಕೊಟ್ಟು ನೋಡಿದ್ದರೆ ದೋಷ ಬಯಲಾಗುತ್ತಿತ್ತು, ಆದರೆ 1970ರಲ್ಲಿ ಬಂದ ಕೇಂದ್ರ ನಿಯಮಗಳು ಅದಕ್ಕೂ ಹಿಂದಿನ ಕೊಳವೆಗಳಿಗೆ ವಿನಾಯಿತಿ ಕೊಟ್ಟಿದ್ದವು: 1970ರ ಜುಲೈಗೆ ಮುಂಚಿನ ಐದು ವರ್ಷಗಳಲ್ಲಿ ಎಷ್ಟು ಒತ್ತಡದಲ್ಲಿ ಓಡಿತ್ತೋ ಅಷ್ಟನ್ನೇ ಮಿತಿಯಾಗಿ ಇಟ್ಟುಕೊಳ್ಳಬಹುದು. ಮಾರ್ಗ 132ರ ಮಿತಿ ಹೀಗೆ ಚದರ ಇಂಚಿಗೆ 400 ಪೌಂಡ್ ಎಂದು ನಿಂತಿತು. ಅಪಘಾತದ ಸಂಜೆ ಮಿಲ್ಪಿಟಾಸ್ ಟರ್ಮಿನಲ್‌ನಲ್ಲಿ ವಿದ್ಯುತ್ ಕೆಲಸ ನಡೆಯುತ್ತಿದ್ದಾಗ ನಿಯಂತ್ರಣ ತಪ್ಪಿ ಒತ್ತಡ ಏರಿತು. ಒಡೆದ ಜಾಗದಲ್ಲಿ ಅದು ಸುಮಾರು 386. ಕಾಗದದ ಮೇಲೆ ಎಲ್ಲವೂ ಮಿತಿಯೊಳಗೇ ಇತ್ತು. ನಿಯಮ ಪಾಲನೆಯಾಗುತ್ತಿರುವಾಗಲೇ ಕೊಳವೆ ಸೀಳಿತು. ವಿನಾಯಿತಿ ಕೊಟ್ಟ ನಿಯಮವನ್ನೂ, ಮೇಲ್ವಿಚಾರಣೆಯಲ್ಲಿ ಸೋತ ರಾಜ್ಯದ ಸಾರ್ವಜನಿಕ ಸೇವೆಗಳ ಆಯೋಗವನ್ನೂ ತನಿಖಾ ಮಂಡಳಿ ಟೀಕಿಸದೆ ಬಿಡಲಿಲ್ಲ.

ಮೂರು ಪದಗಳು

ವರದಿ ಮುಗಿಯುವವರೆಗೂ ಮಂಡಳಿ ಕಾಯಲಿಲ್ಲ. 2011ರ ಜನವರಿ 3ರಂದೇ ತುರ್ತು ಶಿಫಾರಸು ಹೊರಡಿಸಿತು. ಜನವಸತಿ ದಟ್ಟವಾಗಿರುವ ಕಡೆ ಹಾದುಹೋಗುವ, ಒತ್ತಡ ಪರೀಕ್ಷೆಯ ಆಧಾರದಲ್ಲಿ ಮಿತಿ ನಿಗದಿಯಾಗದ ಕೊಳವೆಗಳಿಗೆಲ್ಲ ನಿರ್ಮಾಣ ನಕ್ಷೆ, ವಿನ್ಯಾಸ, ತಪಾಸಣೆ, ಪರೀಕ್ಷೆ, ದುರಸ್ತಿ ಹೀಗೆ ಸಿಕ್ಕ ಎಲ್ಲ ದಾಖಲೆಗಳನ್ನು ಹುಡುಕಿ ತೆಗೆಯಬೇಕು. ಆ ದಾಖಲೆಗಳು ಜಾಡು ಹಿಡಿಯುವಂತಿರಬೇಕು, ತಾಳೆ ನೋಡುವಂತಿರಬೇಕು, ಪೂರ್ಣವಾಗಿರಬೇಕು ಎಂದಿತು. ಮುಂದೆ ಅಮೆರಿಕದ ಕೊಳವೆ ಮಾರ್ಗ ಸುರಕ್ಷತಾ ಇಲಾಖೆ 2012ರಲ್ಲಿ ಈ ಮೂರು ಪದಗಳಿಗೆ ಅರ್ಥ ಬಿಡಿಸಿ ಹೇಳಿತು. ಜಾಡು ಎಂದರೆ ಈ ಮಾಹಿತಿ ಈ ಕೊಳವೆಯ ಮೂಲ ದಾಖಲೆಯಿಂದಲೇ ಬಂದಿದೆ ಎಂದು ತೋರಿಸುವ ಕೊಂಡಿ. ತಾಳೆ ಎಂದರೆ ಬೇರೆ, ಸ್ವತಂತ್ರ ದಾಖಲೆಯೊಂದು ಅದೇ ಮಾತನ್ನು ಹೇಳುವುದು. ಪೂರ್ಣ ಎಂದರೆ ಸಹಿಯೋ ದಿನಾಂಕವೋ ಇದ್ದು ದಾಖಲೆ ಅಂತಿಮವಾಗಿದೆ ಎಂದು ಗೊತ್ತಾಗುವುದು.

ಕಡತ ತಂತ್ರಾಂಶ ಕೊಳ್ಳಲು ಹೊರಟ ಯಾವ ಸಂಸ್ಥೆಗಾದರೂ, ಔಷಧ ಕಾರ್ಖಾನೆಯಿರಲಿ ಆಹಾರ ಘಟಕವಿರಲಿ, ನಾನು ಈ ಮೂರು ಪದಗಳನ್ನೇ ಕೈಗಿಡುತ್ತೇನೆ. ಮಾರಾಟಗಾರರು ತೋರಿಸುವ ಬಣ್ಣದ ಡ್ಯಾಶ್‌ಬೋರ್ಡ್ ನೋಡುವ ಮುಂಚೆ, ಪರದೆಯಲ್ಲಿ ಕಾಣುವ ಒಂದು ಅಂಕಿಯ ಮೇಲೆ ಬೆರಳಿಟ್ಟು, ಇದು ಯಾವ ಹಾಳೆಯಿಂದ ಬಂತು ತೋರಿಸಿ ಎಂದು ಕೇಳಬೇಕು.

ಮಂಡಳಿಯ ಶಿಫಾರಸು ಬಂದ ಮೇಲೆ ಪಿಜಿ ಅಂಡ್ ಇ ಕಚೇರಿಗಳಲ್ಲಿ, ಗೋದಾಮುಗಳಲ್ಲಿ ದಶಕಗಳಿಂದ ಬಿದ್ದಿದ್ದ ಪೆಟ್ಟಿಗೆಗಳು ಲಾರಿ ಹತ್ತಿದವು. ಅವನ್ನು ತಂದು ಇಳಿಸಿದ್ದು ಡೇಲಿ ಸಿಟಿಯ ಕೌ ಪ್ಯಾಲೆಸ್‌ನಲ್ಲಿ. ಅದು 1941ರಲ್ಲಿ ತೆರೆದ, ಜಾನುವಾರು ಪ್ರದರ್ಶನಗಳಿಗೆ ಹೆಸರಾದ ದೊಡ್ಡ ಸಭಾಂಗಣ. ದನಕರುಗಳು ಸುತ್ತುತ್ತಿದ್ದ ಆ ಅಂಗಳದಲ್ಲಿ ಮೇಜು ಹಾಕಿಕೊಂಡು ಕುಳಿತ ಸಿಬ್ಬಂದಿ, ಒಂದೊಂದೇ ಪೆಟ್ಟಿಗೆ ತೆರೆದು ಹಳದಿಯಾದ ನಕ್ಷೆಗಳನ್ನು, ಬೆಸುಗೆ ವರದಿಗಳನ್ನು ವಿಂಗಡಿಸಿದರು. ಆ ದೃಶ್ಯವನ್ನು ನಗೆಪಾಟಲು ಮಾಡಿದವರೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ಆ ಕಂಪನಿ ತನ್ನ ಕೊಳವೆಗಳನ್ನು ಕಾಗದದಲ್ಲಿ ನಿಜವಾಗಿ ಭೇಟಿಯಾದದ್ದು ಅಲ್ಲೇ ಇರಬೇಕು.

ಆಮೇಲೆ ನಡೆದ ಕೆಲಸವೇ ಕಡತ ನಿರ್ವಹಣೆಯ ತಿರುಳು. ಮಾರ್ಗದ ಪ್ರತಿ ಭಾಗಕ್ಕೂ ಒಂದು ಅಂಗಪಟ್ಟಿ: ಇಲ್ಲಿಂದ ಇಲ್ಲಿಗೆ ನೇರ ಕೊಳವೆ, ಇಲ್ಲಿ ಬಾಗು, ಇಲ್ಲಿ ಕವಾಟ, ಇಲ್ಲಿ ಜೋಡಣೆ. ಪ್ರತಿ ಅಂಗಕ್ಕೂ ವ್ಯಾಸ, ಗೋಡೆಯ ದಪ್ಪ, ಉಕ್ಕಿನ ದರ್ಜೆ, ಬೆಸುಗೆಯ ಬಗೆ. ಆಧಾರ ಸಿಕ್ಕ ಕಡೆ ಅದರ ಮೇಲೆ ಒತ್ತಡದ ಲೆಕ್ಕ. ಕಾಗದ ಸಿಗದ ಕಡೆ ಇರಬಹುದಾದ ಅತ್ಯಂತ ದುರ್ಬಲ ಬಗೆ ಎಂದು ಎಣಿಸಿ ಲೆಕ್ಕ ಹಾಕುವುದು, ಒತ್ತಡ ಇಳಿಸುವುದು, ನೀರಿನ ಪರೀಕ್ಷೆ ಮಾಡುವುದು, ಅಥವಾ ಅಗೆದು ನೋಡುವುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮಾರ್ಗ 132ರ ಬಗ್ಗೆ ಜಿಐಎಸ್‌ನಲ್ಲಿದ್ದ ಮಾಹಿತಿಯ ದೊಡ್ಡ ಪಾಲು ಊಹಿಸಿದ್ದು, ಗೊತ್ತಿಲ್ಲದ್ದು ಅಥವಾ ತಪ್ಪಾದದ್ದು ಎಂದು ತನಿಖಾ ಮಂಡಳಿ ಕಂಡುಕೊಂಡಿತ್ತು. ಊಹೆ ಮಾಡುವುದು ಅಪರಾಧವಲ್ಲ. ಐವತ್ತು ವರ್ಷದ ಹಿಂದಿನ ಕಾಗದ ಕಳೆದುಹೋಗಿರುತ್ತದೆ, ಎಂಜಿನಿಯರ್ ಏನಾದರೊಂದು ಅಂಕಿ ಇಟ್ಟುಕೊಂಡೇ ಮುಂದುವರಿಯಬೇಕು. ಆದರೆ ಊಹೆಗೆ ಊಹೆಯೆಂಬ ಹಣೆಪಟ್ಟಿ ಬೇಕು. ತಂತ್ರಾಂಶದಲ್ಲಿ ಖಾಲಿ ಬಿಡಲು ಬಿಡದ ಕಾಲಂ ಇದ್ದರೆ, ಅವಸರದಲ್ಲಿರುವ ನೌಕರ ಅಲ್ಲಿ ಏನನ್ನಾದರೂ ತುಂಬುತ್ತಾನೆ; ತುಂಬಿದ ಕ್ಷಣದಿಂದ ಅದು ಸತ್ಯದ ವೇಷ ಹಾಕುತ್ತದೆ. ಎಲ್ಲ ಕಾಲಂ ಕಡ್ಡಾಯ ಎಂದು ಬೀಗುವ ವ್ಯವಸ್ಥೆಗಿಂತ, ‘ಗೊತ್ತಿಲ್ಲ’ ಎಂದು ಬರೆಯಲು ಜಾಗ ಕೊಟ್ಟು, ಅಂಥ ‘ಗೊತ್ತಿಲ್ಲ’ಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಮೇಲಧಿಕಾರಿಯ ಮೇಜಿಗೆ ಕಳಿಸುವ ವ್ಯವಸ್ಥೆ ಎಷ್ಟೋ ಮೇಲು.

ಕರಡೋ, ಜಾರಿಯಲ್ಲಿದ್ದ ನೀತಿಯೋ

2015ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾರ್ವಜನಿಕ ಸೇವೆಗಳ ಆಯೋಗ ಕಂಪನಿಗೆ 160 ಕೋಟಿ ಡಾಲರ್ ದಂಡನೆ ವಿಧಿಸಿತು. ಅದಕ್ಕೆ ಕಾರಣವಾದ ವಿಚಾರಣೆಗಳಲ್ಲಿ ಒಂದು ಪೂರ್ತಿಯಾಗಿ ದಾಖಲೆ ನಿರ್ವಹಣೆಯ ಮೇಲೆಯೇ ನಡೆದದ್ದು. ಮೊತ್ತದಲ್ಲಿ 85 ಕೋಟಿ ಡಾಲರನ್ನು ಷೇರುದಾರರ ಹಣದಿಂದಲೇ ಕೊಳವೆಗಳ ಸುಧಾರಣೆಗೆ ಹಾಕಬೇಕು, 40 ಕೋಟಿಯನ್ನು ಗ್ರಾಹಕರ ಬಿಲ್ಲಿನಲ್ಲಿ ಕಡಿತ ಮಾಡಬೇಕು, 30 ಕೋಟಿ ರಾಜ್ಯದ ಖಜಾನೆಗೆ.

ಹಣದ ಮೊತ್ತಕ್ಕಿಂತ, ಆಮೇಲೆ ನಡೆದ ಕ್ರಿಮಿನಲ್ ಮೊಕದ್ದಮೆಯ ಒಂದು ಅಂಶ ಕಡತ ಕೆಲಸದವರು ಗಮನಿಸಬೇಕಾದದ್ದು. ಹಳೆಯ ಕೊಳವೆಗಳಲ್ಲಿ ಒತ್ತಡ ಮಿತಿ ಮೀರಿದರೆ ಅವನ್ನು ಹೆಚ್ಚಿನ ಅಪಾಯದವೆಂದು ಗುರುತಿಸಿ ಪರೀಕ್ಷಿಸಬೇಕು ಎಂಬುದು ನಿಯಮ. ಮಿತಿಯನ್ನು ಸ್ವಲ್ಪ ಮಾತ್ರ ಮೀರಿದ್ದರೆ ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂಬ ಒಳನೀತಿಯ ಪ್ರತಿಯೊಂದನ್ನು ಕಂಪನಿ ತನಿಖಾ ಮಂಡಳಿಗೆ ಕೊಟ್ಟಿತ್ತು. 2011ರ ಏಪ್ರಿಲ್‌ನಲ್ಲಿ ಅದೇ ಪ್ರತಿಯನ್ನು ಹಿಂದಕ್ಕೆ ಪಡೆದು, ಅದು ಒಪ್ಪಿಗೆಯಾಗದ ಕರಡು, ತಪ್ಪಿ ಕಳಿಸಿದ್ದೆವು ಎಂದಿತು. 2009ರಿಂದ ಕಂಪನಿ ಆ ನೀತಿಯಂತೆಯೇ ನಡೆದುಕೊಂಡಿತ್ತು ಎಂದು ಸರ್ಕಾರ ವಾದಿಸಿತು. 2016ರ ಆಗಸ್ಟ್‌ನಲ್ಲಿ ಜ್ಯೂರಿ ಆರು ಆರೋಪಗಳಲ್ಲಿ ಕಂಪನಿಯನ್ನು ತಪ್ಪಿತಸ್ಥ ಎಂದಿತು. ಐದು ಕೊಳವೆ ಸುರಕ್ಷತಾ ಕಾನೂನಿನವು, ಒಂದು ತನಿಖೆಗೆ ಅಡ್ಡಿಪಡಿಸಿದ್ದು. 2017ರ ಜನವರಿಯಲ್ಲಿ 30 ಲಕ್ಷ ಡಾಲರ್ ದಂಡ ಮತ್ತು ಐದು ವರ್ಷಗಳ ಪ್ರೊಬೇಷನ್, ಅಂದರೆ ನ್ಯಾಯಾಲಯದ ನಿಗಾದಲ್ಲಿರುವ ಶಿಕ್ಷೆಯಾಯಿತು.

ಕರಡು, ಒಪ್ಪಿಗೆ, ಜಾರಿ, ರದ್ದು. ತಂತ್ರಾಂಶದ ಮೆನುವಿನಲ್ಲಿ ಇವು ನಾಲ್ಕು ಸಣ್ಣ ಪದಗಳು. ನ್ಯಾಯಾಲಯದಲ್ಲಿ ಇಡೀ ಪ್ರಕರಣ ಅವುಗಳ ಮೇಲೆ ನಿಲ್ಲಬಹುದು. ಯಾವ ಆವೃತ್ತಿಗೆ ಯಾರು, ಯಾವ ದಿನ ಒಪ್ಪಿಗೆ ಕೊಟ್ಟರು, ಯಾವ ದಿನದಿಂದ ಯಾವ ದಿನದವರೆಗೆ ಅದು ಚಾಲ್ತಿಯಲ್ಲಿತ್ತು ಎಂಬುದು ಯಾರೂ ಅಳಿಸಲಾಗದಂತೆ ದಾಖಲಾಗಿರಬೇಕು. ಒಪ್ಪಿಗೆಯಾಗದ ಕರಡಿನಂತೆ ಕೆಲಸ ನಡೆಯುತ್ತಿರುವ ಕಚೇರಿಗಳು ಎಲ್ಲ ಕಡೆ ಇವೆ. ಹಾಗಿದ್ದಲ್ಲಿ ತಂತ್ರಾಂಶ ಎಷ್ಟೇ ಒಳ್ಳೆಯದಿದ್ದರೂ ಅದರೊಳಗಿರುವುದು ಆ ಕಚೇರಿಯ ನಿಜವಾದ ನಡವಳಿಕೆಯಲ್ಲ.

ವ್ಯವಸ್ಥೆ ಬಂದ ಮೇಲೆ

ದಾಖಲೆಗಳ ಶೋಧನೆಯಿಂದ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸ್ಯಾನ್ ಕಾರ್ಲೋಸ್ ಊರಿನ ಕೆಳಗಿನ ಮಾರ್ಗ 147ನ್ನು ಪರಿಶೀಲಿಸಿಯಾಗಿದೆ ಎಂದು ಕಂಪನಿ ಆಯೋಗಕ್ಕೆ ತಿಳಿಸಿತ್ತು. 2012ರಲ್ಲಿ ಸೋರಿಕೆ ದುರಸ್ತಿಗೆಂದು ಅಗೆದಾಗ, ಕೊಳವೆಯ ಬೆಸುಗೆ ದಾಖಲೆಯಲ್ಲಿದ್ದ ಬಗೆಯದಲ್ಲ ಎಂದು ಕಂಡಿತು. ವಿಷಯ ಊರಿನವರಿಗೆ ತಿಳಿದದ್ದು ಒಂದು ವರ್ಷದ ನಂತರ. ಆಗ ನ್ಯಾಯಾಲಯದ ಆದೇಶದಿಂದ ಮಾರ್ಗವನ್ನೇ ನಿಲ್ಲಿಸಬೇಕಾಯಿತು. ಅಗೆದವರ ಕಣ್ಣಿಗೆ ಬಿದ್ದ ಸತ್ಯ ಕಡತಕ್ಕೆ ಬಂದು ಸೇರುವ ವೇಗವೇ ಕಡತ ವ್ಯವಸ್ಥೆಯ ಆರೋಗ್ಯದ ಅಳತೆ.

ಕಾರ್ಮೆಲ್‌ನಲ್ಲಿ 2014ರ ಮಾರ್ಚ್ 3ರಂದು ನಡೆದದ್ದು ಇನ್ನೂ ಸರಳ. ನಕ್ಷೆಯಲ್ಲಿ ಉಕ್ಕಿನ ಕೊಳವೆ ಎಂದಿತ್ತು. ಅದರೊಳಗೆ ಹಿಂದೆಂದೋ ಪ್ಲಾಸ್ಟಿಕ್ ಕೊಳವೆ ತೂರಿಸಿದ್ದು ನಕ್ಷೆಗೆ ಬಂದಿರಲಿಲ್ಲ. ಉಕ್ಕಿಗೆ ತೂತು ಹಾಕುತ್ತಿದ್ದ ಕೆಲಸಗಾರರು ಒಳಗಿನ ಪ್ಲಾಸ್ಟಿಕ್ಕನ್ನೂ ತೂತು ಮಾಡಿದರು. ಅನಿಲ ಸೋರಿ ಹತ್ತಿರದ ಮನೆಯೊಂದಕ್ಕೆ ಹೊಕ್ಕು, ಮನೆ ಸ್ಫೋಟವಾಯಿತು. ಅದೃಷ್ಟಕ್ಕೆ ಒಳಗೆ ಯಾರೂ ಇರಲಿಲ್ಲ.

ನನ್ನನ್ನು ಹೆಚ್ಚು ಕಳವಳಗೊಳಿಸುವುದು ಮೂರನೆಯದು. ನೆಲ ಅಗೆಯುವವರು ಮೊದಲೇ ತಿಳಿಸಿದರೆ, ಕೊಳವೆಯ ಒಡೆಯರು ನಿಗದಿತ ಅವಧಿಯಲ್ಲಿ ಬಂದು ಕೊಳವೆ ಎಲ್ಲಿದೆ ಎಂದು ನೆಲದ ಮೇಲೆ ಗುರುತು ಹಾಕಬೇಕು. 2012ರಿಂದ 2017ರವರೆಗೆ ಪಿಜಿ ಅಂಡ್ ಇ ಸಿಬ್ಬಂದಿ ತಡವಾದ ಕೋರಿಕೆಗಳನ್ನು ಸಕಾಲದಲ್ಲಿ ಮುಗಿದವು ಎಂದು ದಾಖಲಿಸುತ್ತಿದ್ದರು ಎಂಬ ಆರೋಪದ ಮೇಲೆ ಆಯೋಗ 2018ರ ಡಿಸೆಂಬರ್‌ನಲ್ಲಿ ವಿಚಾರಣೆ ಆರಂಭಿಸಿತು. 2020ರಲ್ಲಿ 11 ಕೋಟಿ ಡಾಲರ್ ದಂಡನೆಯಾಯಿತು. ಗುರುತು ಹಾಕುವ ಕೆಲಸಕ್ಕೆ ಜನ ಸಾಲದಾಗಿದ್ದರು, ತಡವಾದವುಗಳ ಸಂಖ್ಯೆ ಸೊನ್ನೆಗೆ ಇಳಿಯಬೇಕೆಂಬ ಒತ್ತಡ ಮೇಲಿನಿಂದ ಇತ್ತು ಎಂಬ ಮಾತು ಆ ವಿಚಾರಣೆಯ ಕಾಗದಗಳಲ್ಲಿ ಬರುತ್ತದೆ. ಸ್ಯಾನ್ ಬ್ರುನೊದಲ್ಲಿ ತಪ್ಪು ಮಾಹಿತಿ ಯಾರೂ ಬೇಕೆಂದು ಬರೆಯದೆ ಉಳಿದುಬಂದಿತ್ತು. ಇಲ್ಲಿ ದಾಖಲೆ ಸಕಾಲದಲ್ಲೇ ಹುಟ್ಟಿತು, ಅದರ ಮೇಲೆ ಸಮಯವಿತ್ತು, ಹೆಸರಿತ್ತು. ಅದು ಹೇಳಿದ ಸಂಗತಿ ಮಾತ್ರ ನಡೆದಿರಲಿಲ್ಲ. ಕೈಯಿಂದ ಟೈಪಿಸುವ ಸಮಯದ ಬದಲು ಗುರುತು ಹಾಕಿದ ಜಾಗದಿಂದಲೇ ಮೊಬೈಲ್ ತಾನಾಗಿ ಕಳಿಸುವ ಸಮಯವನ್ನು ಪಡೆದಿದ್ದರೆ, ಅಗೆಯುವವರಿಂದಲೇ ದೃಢೀಕರಣ ಕೇಳಿದ್ದರೆ ಈ ಸುಳ್ಳು ಕಷ್ಟವಾಗುತ್ತಿತ್ತು. ಅಸಾಧ್ಯವಾಗುತ್ತಿತ್ತು ಎಂದು ಹೇಳಲಾರೆ. ಕೆಲಸಕ್ಕೆ ಬೇಕಾದಷ್ಟು ಜನರನ್ನು ತಂತ್ರಾಂಶ ನೇಮಿಸಿಕೊಳ್ಳುವುದಿಲ್ಲ.

ನಮ್ಮ ಕಡೆಗೂ ಈಗ ಅನಿಲ ಕೊಳವೆ ಬಂದಿದೆ. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಗೇಲ್ ಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿತು, ನಗರದ ಮನೆಗಳ ಅಡುಗೆಮನೆಗೂ ಕೊಳವೆಯ ಅನಿಲ ತಲುಪಿದೆ. 2006ರ ಕಾನೂನಿನಡಿ ಸ್ಥಾಪನೆಯಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಇವುಗಳ ಮೇಲ್ವಿಚಾರಣೆ ಮಾಡುತ್ತದೆ. ನಮ್ಮ ಕೊಳವೆಗಳಿಗೆ ಇನ್ನೂ ಎಳೆಯ ವಯಸ್ಸು. ಹೂಳಿದವರು, ಬೆಸುಗೆ ಹಾಕಿದವರು, ತಪಾಸಣೆ ಮಾಡಿದವರು ಹಲವರು ಇನ್ನೂ ಕೆಲಸದಲ್ಲಿದ್ದಾರೆ. ಅನುಮಾನ ಬಂದರೆ ಕರೆದು ಕೇಳಬಹುದು. ಕಂದಕ ಮುಚ್ಚುವ ಮುನ್ನ ತೆಗೆದ ಫೋಟೊ, ಬೆಸುಗೆಯ ಸಂಖ್ಯೆ, ಕಾರ್ಖಾನೆಯ ಪ್ರಮಾಣಪತ್ರ ಈ ಮೂರನ್ನೂ ಒಂದೇ ಕೊಂಡಿಗೆ ಸೇರಿಸಲು ಇದಕ್ಕಿಂತ ಅಗ್ಗದ ಕಾಲ ಮುಂದೆ ಬರುವುದಿಲ್ಲ.

ಅಮೆರಿಕ ಈಗ ದುಬಾರಿ ದಾರಿಯಲ್ಲಿ ನಡೆಯುತ್ತಿದೆ. 2019ರ ಅಕ್ಟೋಬರ್‌ನಲ್ಲಿ ಪ್ರಕಟವಾದ ನಿಯಮದಂತೆ, ನಿಗದಿತ ವರ್ಗಗಳ ಹಳೆಯ ಕೊಳವೆಗಳಿಗೆ ಸರಿಯಾದ ದಾಖಲೆಯಿಲ್ಲದಿದ್ದರೆ ಅವುಗಳ ಒತ್ತಡ ಮಿತಿಯನ್ನು ಹೊಸದಾಗಿ ರುಜುವಾತುಪಡಿಸಬೇಕು, ಆ ದಾಖಲೆಯನ್ನು ಕೊಳವೆ ಬದುಕಿರುವಷ್ಟು ಕಾಲ ಕಾಪಾಡಬೇಕು. ಕೆಲಸ ಪೂರ್ತಿ ಮುಗಿಸಲು ಕೊಟ್ಟಿರುವ ಗಡುವು 2035.

ಕ್ರೆಸ್ಟ್‌ಮೂರ್‌ನ ಮಣ್ಣಿನಿಂದ ಹೊರಬಂದ ಆ ಆರು ಮೊಟಕು ಕೊಳವೆಗಳ ಲೋಹವನ್ನು ತನಿಖಾಧಿಕಾರಿಗಳು ಪ್ರಯೋಗಾಲಯದಲ್ಲಿ ಕೊಯ್ದು, ಅಳೆದು, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೆಸುಗೆ ಎಷ್ಟು ಆಳಕ್ಕೆ ಇಳಿದಿತ್ತು, ಬಿರುಕು ಎಲ್ಲಿಂದ ಹೊರಟಿತು ಎಂಬುದೆಲ್ಲ ತಿಳಿಯಿತು. ಅವನ್ನು ತಯಾರಿಸಿದವರು ಯಾರು, ಮಾರ್ಗ 132ಕ್ಕೆ ಅವು ಎಲ್ಲಿಂದ ಬಂದವು ಎಂಬುದನ್ನು ಹೇಳುವ ಕಾಗದ ಮಾತ್ರ ಅವರಿಗೆ ಸಿಗಲಿಲ್ಲ.